ಹತ್ತು ಸಂಕೇತ, ಹದಿಮೂರು ಸಂಕೇತ: ಹಳೆಯ ಗಣಕ ವ್ಯವಸ್ಥೆಗಳಲ್ಲಿ ‘ಮಾಕಳಿದುರ್ಗ’

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗವು ಒಂದು ಬೆಟ್ಟದ ಕೋಟೆಯ ಹೆಸರು. ಅದರ ಬುಡದ ರೈಲು ನಿಲ್ದಾಣದ ಹೆಸರೂ ಅದೇ. ಸ್ಥಳನಾಮಾಧ್ಯಯನದ ಪರಿಭಾಷೆಯಲ್ಲಿ ಇಲ್ಲಿ ‘ದುರ್ಗ’ ವಾರ್ಗಿಕ, ‘ಮಾಕಳಿ’ ನಿರ್ದಿಷ್ಟ. ಪ್ರಸ್ತುತ ಲೇಖನದ ಕುತೂಹಲ ಈ ಹೆಸರಿನ ನಿಷ್ಪತ್ತಿಯಲ್ಲಿಲ್ಲ. ಇಂಥ ಹೆಸರುಗಳನ್ನು ಗಣಕದಲ್ಲಿ ಕೂಡಿಟ್ಟ ಬಗೆಗಳಲ್ಲಿದೆ. ಹೊಸ ಕಾರ್ಯಾಚರಣ ವ್ಯವಸ್ಥೆಗಳು ಹಳೆಯ ಯಂತ್ರಾಂಶ, ತಂತ್ರಾಂಶಗಳಿಗೆ ಬೆಂಬಲ ನಿಲ್ಲಿಸಿದಾಗ ಭಾಷಾದತ್ತಕ್ಕೆ ಏನಾಯಿತು ಎಂಬುದನ್ನು ಸಾಮಾನ್ಯವಾಗಿ ಯಂತ್ರದ ಸಾವಿನ ಕಥೆಯಾಗಿ ಹೇಳಲಾಗುತ್ತದೆ. ಕನ್ನಡದ ಮಟ್ಟಿಗೆ ಆ ಕಥೆ ಬಹುಪಾಲು ತಿರುವುಮುರುವಾಗಿದೆ: ಯಂತ್ರಕ್ಕೆ ಕಟ್ಟುಬಿದ್ದಿದ್ದ ಪಠ್ಯ ಉಳಿಯಿತು, ಯಂತ್ರದ ಹಂಗಿಲ್ಲದ ಪಠ್ಯ ತೊಡಕಿಗೆ ಸಿಕ್ಕಿತು.

1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ರೂಪುಗೊಂಡು, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆ ಬೆಳೆಸಿದ ‘ಜಿಸ್ಟ್’ ತಂತ್ರಜ್ಞಾನ ಗಣಕದೊಳಗೆ ಸಿಕ್ಕಿಸುವ ಒಂದು ಕಾರ್ಡಿನ ರೂಪದಲ್ಲಿ ದೊರೆಯುತ್ತಿತ್ತು. ಡಾಸ್ ವ್ಯವಸ್ಥೆಯಲ್ಲಿ ಇಂಗ್ಲಿಷಿಗಾಗಿ ಬರೆದ ತಂತ್ರಾಂಶಗಳನ್ನೇ ಬಳಸಿ ಭಾರತೀಯ ಲಿಪಿಗಳಲ್ಲಿ ದತ್ತ ತುಂಬಲು ಅದು ಅನುವು ಮಾಡಿತು. ಒತ್ತಕ್ಷರ, ಗುಣಿತಗಳನ್ನು ಪರದೆಯ ಮೇಲೆ ಕಟ್ಟುವ ಹೊಣೆ ಕಾರ್ಡಿನದು. ಕಡತದಲ್ಲಿ ಉಳಿಯುತ್ತಿದ್ದುದು ಇಸ್ಕಿ ಸಂಕೇತಗಳು ಮಾತ್ರ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಐಎಸ್ 13194 ಎಂಬ ಹೆಸರಿನಲ್ಲಿ ಪ್ರಕಟಿಸಿದ ಈ ಸಂಕೇತವ್ಯವಸ್ಥೆ ಬರೆಹದ ಆಕಾರವನ್ನಲ್ಲ, ಉಚ್ಚಾರಣೆಯ ಕ್ರಮವನ್ನು ದಾಖಲಿಸುತ್ತದೆ. ಅದರಲ್ಲಿ ‘ಮಾಕಳಿದುರ್ಗ’ ಎಂದರೆ ಹತ್ತು ಸಂಕೇತಗಳು: ಮಕಾರ, ಆಕಾರದ ಚಿಹ್ನೆ, ಕಕಾರ, ಳಕಾರ, ಇಕಾರದ ಚಿಹ್ನೆ, ದಕಾರ, ಉಕಾರದ ಚಿಹ್ನೆ, ರಕಾರ, ಹಲಂತ, ಗಕಾರ.

ಆ ಕಾರ್ಡು ಬಹಳ ಕಾಲ ಬಾಳಲಿಲ್ಲ. ಅದಕ್ಕೆ ಬೇಕಾದ ಐಎಸ್ಎ ಕಿಂಡಿಯನ್ನು ಗಣಕ ತಯಾರಕರು ಕೈಬಿಟ್ಟರು. ಎನ್‌ಟಿ ವಂಶದ ವಿಂಡೋಸ್‌ನಲ್ಲಿ ಯಾವ ತಂತ್ರಾಂಶವೂ ಯಂತ್ರಾಂಶವನ್ನು ನೇರವಾಗಿ ಮುಟ್ಟುವಂತಿಲ್ಲ. ನಡುವೆ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಇರಲೇಬೇಕು. 64 ಬಿಟ್‌ನ ವಿಂಡೋಸ್ ವಿಸ್ಟಾದಿಂದೀಚೆಗೆ ಆ ಡ್ರೈವರಿಗೆ ಡಿಜಿಟಲ್ ಸಹಿಯೂ ಕಡ್ಡಾಯವಾಯಿತು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್‌ನ ತಂತ್ರಾಂಶ ಓಡುವುದಿಲ್ಲ. ವಿಂಡೋಸ್ 11ಕ್ಕಂತೂ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್‌ನ ಅನುಕರಣ ತಂತ್ರಾಂಶಗಳಿವೆ ನಿಜ, ಆದರೆ ಕಾರ್ಡಿನ ಮೇಲಿದ್ದ ಅಕ್ಷರ ಕಟ್ಟುವ ಜಾಣ್ಮೆ ಅವುಗಳೊಳಗೆ ತಾನಾಗಿ ಬರುವುದಿಲ್ಲ.

ಇಷ್ಟಾದರೂ ಪಠ್ಯ ಅಳಿಯಲಿಲ್ಲ. ಯೂನಿಕೋಡಿನ ಕನ್ನಡ ವಿಭಾಗವು ಇಸ್ಕಿಯ 1988ರ ಆವೃತ್ತಿಯನ್ನೇ ಆಧರಿಸಿದ್ದರಿಂದ ಪರಿವರ್ತನೆ ಹೆಚ್ಚುಕಡಿಮೆ ಒಂದಕ್ಕೊಂದರ ಹೊಂದಿಕೆಯಷ್ಟೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಇಸ್ಕಿ ಪಠ್ಯಕೋಶಗಳು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ‘ಎಮಿಲ್’ ಯೋಜನೆಯ ಮೂಲಕ ಯೂನಿಕೋಡಿಗೆ ಬಂದವು. ಅದರ 14 ಭಾಷೆಗಳಲ್ಲಿ ಕನ್ನಡವೂ ಒಂದು. ಆ ಪಠ್ಯಗಳನ್ನು ಓದಲು ಜಿಸ್ಟ್ ಕಾರ್ಡು ಯಾರಿಗೂ ಬೇಕಾಗಿಲ್ಲ.

ಇನ್ನೊಂದು ಹಾದಿ ಅಕ್ಷರಭಾಗಗಳದು. ಕನ್ನಡದ ಅಕ್ಷರಗಳನ್ನು ಕಟ್ಟುವ ಸಾಮರ್ಥ್ಯ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಂದಿಗೆ. ಅದಕ್ಕೆ ಮೊದಲು ಕಾರ್ಡಿಲ್ಲದೆ ಕನ್ನಡ ಮೂಡಿಸಲು ಇದ್ದ ಉಪಾಯವೆಂದರೆ 256 ಮನೆಗಳ ಫಾಂಟಿನಲ್ಲಿ ರೋಮನ್ ಚಿಹ್ನೆಗಳ ಜಾಗದಲ್ಲಿ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸುವುದು. ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದರ ಬೆನ್ನಿಗೆ ಬಂದು ಸರ್ಕಾರಿ ಕಚೇರಿಗಳನ್ನು ತುಂಬಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಧ್ವನಿತತ್ತ್ವವನ್ನೇ ಅನುಸರಿಸುತ್ತದೆ: ಬೆರಳು ವರ್ಣಗಳನ್ನು ಒತ್ತುತ್ತದೆ, ಕಡತಕ್ಕೆ ಹೋಗುವುದು ಆಕಾರದ ತುಣುಕುಗಳು. ಕೀಲಿಮಣೆಗೂ ಕಡತಕ್ಕೂ ನಡುವಿನ ಈ ಬಿರುಕು ಬಳಕೆದಾರರ ಕಣ್ಣಿಗೆ ಬೀಳಲೇ ಇಲ್ಲ.

ನುಡಿಯ ಫಾಂಟ್ ಸಂಕೇತದಲ್ಲಿ ‘ಮಾಕಳಿದುರ್ಗ’ಕ್ಕೆ ಹದಿಮೂರು ಸಂಕೇತಗಳು ಬೇಕು. ಮೊದಲನೆಯದು ಮಕಾರದ್ದಲ್ಲ, ವಕಾರದ ಒಡಲು. ‘ಮ’ ಎಂಬುದೇ ಅಲ್ಲಿ ವಕಾರಕ್ಕೆ ಬಾಲ ಸೇರಿಸಿದ ರೂಪ. ಆದ್ದರಿಂದ ಅಕಾರಾದಿ ಜೋಡಣೆಗೆ ಹೊರಟರೆ ಮಾಕಳಿದುರ್ಗವು ‘ವ’ದಿಂದ ಆರಂಭವಾಗುವ ಊರುಗಳ ನಡುವೆ ಹೋಗಿ ಕೂರುತ್ತದೆ. ಬರಿಯ ‘ಮ’ದ ಬಾಲಕ್ಕೂ ‘ದು’ವಿನ ಕೊಂಬಿಗೂ ಒಂದೇ ಸಂಕೇತ, ಉಕಾರವನ್ನು ಎಣಿಸಹೊರಟವರ ಲೆಕ್ಕಕ್ಕೆ ಮಕಾರಗಳೂ ಬಂದು ಬೀಳುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು ಕೊನೆಯ ಅಕ್ಷರದಲ್ಲಿದೆ. ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ, ಗಕಾರದ ನಂತರ ದಾಖಲಾಗುತ್ತದೆ. ವಾರ್ಗಿಕಗಳನ್ನು ಗುರುತಿಸಲು ಸ್ಥಳನಾಮ ಸಂಶೋಧಕರು ನೆಚ್ಚುವುದು ಪದಗಳನ್ನು ಕೊನೆಯಿಂದ ಜೋಡಿಸಿದ ಪಟ್ಟಿಯನ್ನು. ಇಲ್ಲಿ ಆ ಪಟ್ಟಿ ದುರ್ಗ, ಧರ್ಮ, ಸೂರ್ಯ ಮೂರನ್ನೂ ಒಂದೇ ಅಂತ್ಯದ ಪದಗಳೆಂದು ಒಟ್ಟುಗೂಡಿಸುತ್ತದೆ.

ಮುದ್ರಣಾಲಯಗಳು ಬಳಸಿದ ಇತರ ಪೊಟ್ಟಣಗಳಿಗೆ ಅವವೇ ಬೇರೆ ತುಣುಕುಗಳ ಪಟ್ಟಿಗಳಿದ್ದವು. ಅವುಗಳಲ್ಲಿ ಕೆಲವಕ್ಕೆ ಪ್ರಿಂಟರಿನ ಕಿಂಡಿಗೆ ಸಿಕ್ಕಿಸುವ ಬೀಗವೂ ಇತ್ತು. ಕಿಂಡಿ ಮಾಯವಾಗಿ, ಬೀಗದ ಡ್ರೈವರಿಗೆ ಸಹಿ ಸಿಗದೆ ಹೋದ ಮೇಲೆ ಹಣ ಕೊಟ್ಟು ಕೊಂಡ ತಂತ್ರಾಂಶವೇ ತೆರೆಯದಾಯಿತು. ಭಾಷಾವಿಜ್ಞಾನಿಗೆ ಇದಕ್ಕಿಂತ ಹೆಚ್ಚಿನ ನಷ್ಟ ಸಂಕೇತಗಳ ಕೀಲಿ ಆ ಖಾಸಗಿ ಫಾಂಟಿನೊಳಗೇ ಉಳಿದುಬಿಟ್ಟದ್ದು.

ಯೂನಿಕೋಡೂ ಹಳೆಯ ಹೊರೆಯಿಂದ ಮುಕ್ತವಲ್ಲ. ಹಳಗನ್ನಡದ ‘ೞ’ ಅದರಲ್ಲಿ ‘ಕನ್ನಡ ಲೆಟರ್ ಎಫ್‌ಎ’ ಎಂಬ ಹೆಸರು ಹೊತ್ತು ಕೂತಿದೆ. ದೇವನಾಗರಿಯ ಫ಼ಕಾರ ಇರುವ ಮನೆಗೆ ಸಂವಾದಿಯಾದ ಮನೆ ಅದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಲಾಗಿದೆ. ಕೇಶಿರಾಜನ ವ್ಯಾಕರಣವನ್ನು ಬಲ್ಲವರಿಗೆ ಇದು ನಗೆ ತರಿಸದೆ ಇರದು.

ಅಕ್ಷರಭಾಗದ ಕಡತಗಳಲ್ಲೂ ಕಾಪಾಡಬೇಕಾದ ಒಂದು ಮಾಹಿತಿ ಇದೆ. ಯಕಾರದ ಪಕ್ಕದಲ್ಲಿ ಅರ್ಕಾವೊತ್ತು ಬರೆದರೋ, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟರೋ ಎಂಬ ಭೇದ ಅವುಗಳಲ್ಲಿ ತಾನಾಗಿ ಉಳಿದಿರುತ್ತದೆ. ಯೂನಿಕೋಡಿನಲ್ಲಿ ಎರಡನೆಯ ರೂಪಕ್ಕೆ ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಅದನ್ನು ಸೇರಿಸದ ಪರಿವರ್ತಕದ ಕೈಯಲ್ಲಿ ‘ರ‍್ಯ’ವೂ ‘ರ್ಯ’ವೂ ಒಂದೇ ಆಗುತ್ತವೆ, ಮೂಲ ಕಡತವನ್ನೂ ಅದರ ಫಾಂಟನ್ನೂ ಜೊತೆಗಿಟ್ಟುಕೊಳ್ಳದಿದ್ದರೆ ಬರೆದವರು ಯಾವ ರೂಪ ಬಳಸಿದ್ದರೆಂದು ಮುಂದೆ ತಿಳಿಯಲು ದಾರಿ ಇರುವುದಿಲ್ಲ.