ತುಂಬೆಪಾಡಿಯಲ್ಲಿ ಮಡಿದ ನಾಗತ್ತರ

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿಗೆ ಪೂರ್ವಕಾಲದಲ್ಲಿ ಬೆಂಪೂರೆಂದು ಹೆಸರು. ಅಲ್ಲಿ ದೊರೆತು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ ವೀರಗಲ್ಲೊಂದು ಗಂಗರ ಕಾಲದ ಯೋಧನೊಬ್ಬನ ಮರಣವನ್ನು ತಿಳಿಸುತ್ತದೆ. ಅದು ಕ್ರಿ. ಶ. ೯೦೦ರ ಸುಮಾರಿನದೆಂದು ಶಾಸನಜ್ಞರ ಎಣಿಕೆ.

ಆಗ ಗಂಗವಾಡಿ ತೊಂಬತ್ತಾರು ಸಾವಿರವನ್ನು ಎರೆಯಪ್ಪರಸನು ಆಳುತ್ತಿದ್ದನು. ನೊಳಂಬ ಕುಲದ ಅಯ್ಯಪದೇವನಿಗೂ ವೀರಮಹೇಂದ್ರನಿಗೂ ಯುದ್ಧವೊದಗಲು, ಅಯ್ಯಪದೇವನ ನೆರವಿಗಾಗಿ ಎರೆಯಪ್ಪನು ಸೇನೆಯನ್ನು ಕೂಡಿಸಿ ನಾಗತ್ತರನನ್ನು ಕಳುಹಿದನು. ತುಂಬೆಪಾಡಿಯೆಂಬಲ್ಲಿ ಕಾಳಗವಾಯಿತು. ಹೋರಾಟವು ಇಕ್ಕಟ್ಟಿಗೆ ಬಂದಾಗ ನಾಗತ್ತರನು ಆನೆಗಳ ನಡುವೆ ನುಗ್ಗಿ, ಇರಿದು, ಸತ್ತನು. ಶಾಸನವು ಇದನ್ನು ಕೆಲವೇ ಮಾತುಗಳಲ್ಲಿ ಮುಗಿಸುತ್ತದೆ. ಗೆದ್ದವರು ಯಾರೆಂಬುದನ್ನು ಹೇಳುವುದೇ ಇಲ್ಲ.

ಆನೆಯ ಸಾಲು ಮುಂದೊತ್ತಿ ಬಂದರೆ ಪಳಗದ ಕುದುರೆಗಳು ಬೆದರಿ ಹಿಮ್ಮೆಟ್ಟುವುವು, ಕಾಲಾಳಿನ ಗುಂಪು ಒಡೆಯುವುದು. ಅಂತಹ ಹೊತ್ತಿನಲ್ಲಿ ಹಿಂದೆಗೆದ ನಾಯಕನನ್ನು ಹಳಿಯುವವರು ವಿರಳ. ನಾಗತ್ತರನ ಎದುರಿಗಿದ್ದುದಾದರೋ ಅವನ ಸ್ವಂತ ಊರಿನ ಮೇಲೆ ಬಂದ ಹಗೆಯೂ ಅಲ್ಲ. ಒಡೆಯನು ಮತ್ತೊಬ್ಬನಿಗೆ ಕೊಟ್ಟ ಮಾತು ಅವನ ಪ್ರಾಣದ ಮೇಲೆ ನಿಂತಿತ್ತು. ಆ ಮಾತನ್ನು ಅವನು ಸಲ್ಲಿಸಿದನು.

ಎರೆಯಪ್ಪನು ಈ ವಾರ್ತೆಯನ್ನು ಕೇಳಿ, ಇರುಗನೆಂಬವನಿಗೆ ನಾಗತ್ತರವಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಕಲ್ನಾಡೆಂದರೆ ವೀರನ ಸೇವೆಗಾಗಿ ಬಿಟ್ಟು ಕಲ್ಲಿನಲ್ಲಿ ಸ್ಥಿರಪಡಿಸಿದ ಭೂಮಿ. ಬೆಂಪೂರು, ತೊವಗೂರು, ನಲ್ಲೂರು, ಇಗ್ಗಲೂರು, ಎಲ್ಕುಂಟೆ ಮೊದಲಾಗಿ ಊರುಗಳ ಹೆಸರುಗಳನ್ನು ಶಾಸನವು ಒಂದೊಂದಾಗಿ ಎಣಿಸುತ್ತದೆ. ವೀರರಸವನ್ನು ನಿರೀಕ್ಷಿಸಿ ಬಂದ ಓದುಗನಿಗೆ ಈ ಪಟ್ಟಿಯು ನೀರಸವಾಗಿ ತೋರಬಹುದು. ಆದರೆ ರಣದಲ್ಲಿ ಮಡಿದವನ ಮನೆಯಲ್ಲಿ ಉಳಿದವರಿಗೆ, ಹೊಗಳಿಕೆಯ ವಿಶೇಷಣಗಳಿಗಿಂತ ಈ ಊರುಗಳ ಗದ್ದೆ ಕೆರೆಗಳೇ ಹೆಚ್ಚಿನವಲ್ಲವೆ? ಬರೆಸಿದವನು ಸಾವಿಗೆ ಒಂದು ಸಾಲನ್ನೂ ಊರುಗಳಿಗೆ ಹಲವು ಸಾಲುಗಳನ್ನೂ ಕೊಟ್ಟುದು ಅವಿವೇಕವೆನಿಸದು.

ಶಿಲ್ಪಿಯ ಪಾಲಿನ ಕೆಲಸವೂ ಇಲ್ಲಿ ಸಾಮಾನ್ಯವಾದುದಲ್ಲ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ನೆರೆದ ರಣರಂಗವೇ ಕಲ್ಲಿನ ಮೇಲೆ ಮೂಡಿದೆ. ಕಾಲ ಕೆಳಗೆ ಬಿದ್ದವರೂ ಕಾಣಿಸುವರು. ಅವರಿಗೆ ಪಟ್ಟವಿಲ್ಲ, ಕಲ್ನಾಡಿಲ್ಲ, ಹೆಸರೂ ಇಲ್ಲ; ಆದರೂ ನಾಗತ್ತರನ ಪಕ್ಕದಲ್ಲಿಯೇ ಅವರನ್ನು ಕೊರೆದ ಕೈಗೆ ಅವರ ನೆನಪಿದ್ದಂತಿದೆ.

ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಇನ್ನೊಂದು ವೀರಗಲ್ಲಿನಲ್ಲಿಯೂ ನಾಗತ್ತರನ ಹೆಸರು ಬರುತ್ತದೆ. ಅವನ ಮನೆಗೆ ಸೇರಿದವರ ಮರಣವನ್ನು ಹೇಳುವ ಆ ಬರಹದಲ್ಲಿ ಕಾಳಗ ನಡೆದ ಸ್ಥಳ ‘ಬೆಂಗುಳೂರು’. ಬಲ್ಲಾಳರಾಯನೂ ಬೆಂದ ಕಾಳೂ ಕೂಡಿದ ಕಥೆಯನ್ನು ಜನರು ಇಂದಿಗೂ ಹೇಳುತ್ತಾರೆ. ಹೊಯ್ಸಳರ ಏಳಿಗೆಗೆ ಮೊದಲೇ ಆ ಹೆಸರು ಈ ಮನೆತನದ ಸಾವಿನೊಡನೆ ಕಲ್ಲಿನ ಮೇಲೆ ಬಂದಿತ್ತು.