ವೇಳಾಪಟ್ಟಿಯೇ ಕ್ಯಾಮೆರಾಮನ್: ಉಪನ್ಯಾಸ ಮುದ್ರಣದ ಸ್ವಯಂಚಾಲನೆ ಮತ್ತು ದೂರಶಿಕ್ಷಣ

ತರಗತಿಯ ಪಾಠವನ್ನು ದೂರಶಿಕ್ಷಣದ ವಿದ್ಯಾರ್ಥಿಗೆ ವಿಡಿಯೊ ರೂಪದಲ್ಲಿ ತಲುಪಿಸುವ ಬಗ್ಗೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಚರ್ಚೆ ಬಹುಪಾಲು ಕ್ಯಾಮೆರಾದಿಂದ ಶುರುವಾಗಿ ಕ್ಯಾಮೆರಾದಲ್ಲೇ ಮುಗಿಯುತ್ತದೆ. ಟೆಂಡರು ಕರೆಯುವುದು ಅದಕ್ಕೇ, ಉದ್ಘಾಟನೆಯ ದಿನ ತೋರಿಸುವುದೂ ಅದನ್ನೇ. ಮೂರು ದಶಕಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕ್ಯಾಮೆರಾ ಎಲ್ಲಕ್ಕಿಂತ ಸುಲಭವಾಗಿ ಬಗೆಹರಿದ ಭಾಗ. ಮುದ್ರಣವನ್ನು ಆಪರೇಟರನ ಕೈಯಿಂದ ಬಿಡಿಸಿದ್ದು ವೇಳಾಪಟ್ಟಿ. ಹಾಗೆ ಉಳಿದ ದುಡಿಮೆಯೂ ಮಾಯವಾಗಲಿಲ್ಲ. ಪಾಠದ ಮಾತನ್ನು ಅಕ್ಷರಕ್ಕಿಳಿಸುವ ಹಂತಕ್ಕೆ ಹೋಗಿ ಕೂತಿತು. ಇದು ಈ ಲೇಖನದ ವಾದ.

ಆರಂಭದ ಸಂಶೋಧಕರ ಗಮನ ತರಗತಿಯ ಕೋಣೆಯ ಮೇಲಿತ್ತು. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಗ್ರೆಗರಿ ಅಬೌಡ್ ಮತ್ತು ಸಂಗಡಿಗರು 1995ರಲ್ಲಿ ಆರಂಭಿಸಿದ 'ಕ್ಲಾಸ್‌ರೂಮ್ 2000' ಯೋಜನೆ ಮೇಷ್ಟರ ಮಾತು, ಬರಹ, ಸ್ಲೈಡುಗಳನ್ನು ಅವು ನಡೆದ ಕ್ಷಣದ ಲೆಕ್ಕದಲ್ಲಿ ಒಂದಕ್ಕೊಂದು ಜೋಡಿಸಿತು. ಮೈಕ್ರೋಸಾಫ್ಟ್ ರಿಸರ್ಚ್‌ನ ತಂಡವೊಂದು 2001ರ ಹೊತ್ತಿಗೆ ವೃತ್ತಿನಿರತ ಛಾಯಾಗ್ರಾಹಕರನ್ನು ಮಾತನಾಡಿಸಿ, ಅವರು ಯಾವಾಗ ಮೇಷ್ಟರನ್ನು, ಯಾವಾಗ ಸಭಿಕರನ್ನು ತೋರಿಸುತ್ತಾರೆ ಎಂಬ ರೂಢಿಯನ್ನು ನಿಯಮಗಳಾಗಿ ಬರೆದು ಕ್ಯಾಮೆರಾಗಳಿಗೆ ಕಲಿಸಲು ನೋಡಿತು. ಸೊಗಸಾದ ಕೆಲಸ. ಆದರೆ ನೂರಾರು ಕೋಣೆಗಳನ್ನು ನಿಭಾಯಿಸಬೇಕಾದ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಸರಳ ದಾರಿಯನ್ನೇ ಹಿಡಿದವು: ಗೋಡೆಗೆ ಒಂದು ಸ್ಥಿರ ಕ್ಯಾಮೆರಾ, ಪ್ರೊಜೆಕ್ಟರಿಗೆ ಹೋಗುವ ಸಂಕೇತದಿಂದ ನೇರವಾಗಿ ಇನ್ನೊಂದು ಎಳೆ, ಮೇಷ್ಟರ ಅಂಗಿಗೆ ಕಾಲರ್ ಮೈಕ್.

ಈ ಸರಳ ದಾರಿಗೆ ವ್ಯವಸ್ಥೆಯ ರೂಪ ಕೊಟ್ಟದ್ದು 'ಓಪನ್‌ಕಾಸ್ಟ್' ಎಂಬ ಮುಕ್ತ ತಂತ್ರಾಂಶ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್, ಜರ್ಮನಿಯ ಓಸ್ನಾಬ್ರೂಕ್ ಮೊದಲಾದ ಸಂಸ್ಥೆಗಳು ಸೇರಿ ಕಟ್ಟಿದ ಇದರ ಮೊದಲ ಆವೃತ್ತಿ 2010ರಲ್ಲಿ 'ಮ್ಯಾಟರ್‌ಹಾರ್ನ್' ಎಂಬ ಹೆಸರಿನಲ್ಲಿ ಹೊರಬಂತು. ಪ್ರತಿಯೊಬ್ಬರೂ ತಮ್ಮ ಮನೆಮಟ್ಟಿಗೆ ಇಂಥದ್ದೊಂದನ್ನು ಹೊಲಿದುಕೊಂಡು, ಅದನ್ನು ರಿಪೇರಿ ಮಾಡುತ್ತಲೇ ಸುಸ್ತಾಗಿದ್ದರು. ಒಟ್ಟಾಗಲು ಅದೂ ಒಂದು ಕಾರಣ.

ಒಂದು ಪಾಠ ಇದರೊಳಗೆ ಹಾದುಹೋಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕೋಣೆಯ ಮೂಲೆಯಲ್ಲಿರುವ ಪುಟ್ಟ ಗಣಕಕ್ಕೆ ಮೇಷ್ಟರು ಯಾರು, ವಿಷಯ ಯಾವುದು ಎಂಬ ಅರಿವೇನೂ ಇಲ್ಲ. ಅದು ಆಗಾಗ ಕೇಂದ್ರ ಸರ್ವರನ್ನು ಕೇಳಿ ತನ್ನ ಕೋಣೆಯ ವೇಳಾಪಟ್ಟಿಯನ್ನು ಕ್ಯಾಲೆಂಡರ್ ಕಡತವಾಗಿ ತರಿಸಿಕೊಳ್ಳುತ್ತದೆ. ಹೊತ್ತಾದಾಗ ಮುದ್ರಣ ಶುರು, ಹೊತ್ತು ಮುಗಿದಾಗ ನಿಲುಗಡೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೂ ಚಿಂತೆಯಿಲ್ಲ; ಕಡತ ಅಲ್ಲೇ ಡಿಸ್ಕಿನಲ್ಲಿದ್ದು, ಸಂಪರ್ಕ ಬಂದ ಮೇಲೆ ಮೇಲಕ್ಕೆ ಹೋಗುತ್ತದೆ. ಹೋಗುವುದು ಒಂದು ಗಂಟು: ಮೇಷ್ಟರ ಎಳೆ, ಸ್ಲೈಡಿನ ಎಳೆ, ಜೊತೆಗೆ ಶೀರ್ಷಿಕೆ, ಉಪನ್ಯಾಸಕರು, ಸರಣಿ, ದಿನಾಂಕ ಬರೆದ ವಿವರಪಟ್ಟಿ. ಸರ್ವರು ಆ ಗಂಟನ್ನು ಬಿಚ್ಚಿ ಹಲವು ಗಾತ್ರದ ಪ್ರತಿಗಳನ್ನು ಮಾಡುತ್ತದೆ, ಸ್ಲೈಡು ಬದಲಾದ ಜಾಗಗಳನ್ನು ಗುರುತಿಸಿ ಪಾಠವನ್ನು ಭಾಗ ಮಾಡುತ್ತದೆ, ಸ್ಲೈಡಿನ ಅಚ್ಚಕ್ಷರವನ್ನು ಟೆಸೆರಾಕ್ಟ್ ತಂತ್ರಾಂಶದಿಂದ ಓದಿ ಹುಡುಕಾಟಕ್ಕೆ ಒದಗಿಸುತ್ತದೆ, ಕೊನೆಗೆ ಕೋರ್ಸಿನ ಪುಟದಲ್ಲಿ ಪ್ರಕಟಿಸುತ್ತದೆ. ಮನುಷ್ಯರು ಬೇಕಾಗುವುದು ತಲೆ-ಬಾಲ ಕತ್ತರಿಸಲು, ಅದೂ ಐಚ್ಛಿಕ.

ಹೀಗಾಗಿ ವೇಳಾಪಟ್ಟಿ ಸುಳ್ಳಾದರೆ ಮುಂದಿನದೆಲ್ಲವೂ ಸುಳ್ಳು. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಹತ್ತು ಗಂಟೆಯೆಂದು ಬರೆದ ತರಗತಿ ಹತ್ತೂಕಾಲಿಗೆ ಆರಂಭವಾಗುವುದು ಹಳೆಯ ಸಂಪ್ರದಾಯ. ಯಂತ್ರಕ್ಕೆ ಆ ಕಾಲುಗಂಟೆಯನ್ನೂ ಹೇಳಿಕೊಡಬೇಕು. ನಮ್ಮ ಕಾಲೇಜುಗಳ ಸಮಸ್ಯೆ ಇನ್ನೂ ಸೂಕ್ಷ್ಮವಾದದ್ದು. 'ಇವತ್ತು ನನ್ನ ಪೀರಿಯಡ್ ನೀವು ತಗೊಳ್ಳಿ ಸಾರ್, ನಾಳೆ ನಿಮ್ಮದು ನಾನು ನೋಡ್ಕೋತೀನಿ' ಎಂದು ಸ್ಟಾಫ್ ರೂಮಿನಲ್ಲಿ ಆಗುವ ಒಪ್ಪಂದ ಯಾವ ಕಡತಕ್ಕೂ ಇಳಿಯುವುದಿಲ್ಲ. ಎದುರಿಗಿರುವ ವಿದ್ಯಾರ್ಥಿಗೆ ಅದರಿಂದ ತೊಂದರೆಯಿಲ್ಲ. ಯಂತ್ರ ಮಾತ್ರ ಉಷ್ಣಗತಿಶಾಸ್ತ್ರದ ಪಾಠವನ್ನು ದ್ಯುತಿಶಾಸ್ತ್ರದ ಹೆಸರಿನಲ್ಲಿ, ಬೇರೊಬ್ಬ ಮೇಷ್ಟರ ಖಾತೆಗೆ ಹಾಕಿ ದೂರದ ವಿದ್ಯಾರ್ಥಿಗೆ ಕಳಿಸುತ್ತದೆ. ಇದಕ್ಕೆ ತಂತ್ರಜ್ಞಾನದ ಔಷಧಿ ಇಲ್ಲ. ಪೀರಿಯಡ್ ಬದಲಾವಣೆಯನ್ನು ಮೊಬೈಲಿನಲ್ಲೇ ದಾಖಲಿಸುವಷ್ಟು ಸುಲಭ ಮಾಡಿ, ಆ ಕೆಲಸವನ್ನು ಒಬ್ಬರ ಹೊಣೆಗೆ ಒಪ್ಪಿಸಬೇಕು.

ಇನ್ನು ವಿತರಣೆ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ನೋಡುವವರ ಸಂಪರ್ಕದ ವೇಗಕ್ಕೆ ತಕ್ಕ ತುಂಡನ್ನು ಕಳಿಸುವ ಪದ್ಧತಿ ಈಗ ಎಲ್ಲೆಡೆ ಇದೆ. ಆಪಲ್ ಸಂಸ್ಥೆಯ ಎಚ್‌ಎಲ್‌ಎಸ್ ಬಂದದ್ದು 2009ರಲ್ಲಿ. ಆದರೂ ಲೆಕ್ಕ ಲೆಕ್ಕವೇ. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ 50 ನಿಮಿಷದ ಪಾಠ ಸುಮಾರು 750 ಎಂಬಿ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್ ಹಾಕಿಸಿಕೊಂಡವರಿಗೆ ಎರಡು ಪಾಠಕ್ಕೇ ದಿನದ ಡೇಟಾ ಖಾಲಿ. ಅದೇ ಪಾಠದ ಧ್ವನಿ ಮಾತ್ರ 64 ಕಿಲೋಬಿಟ್ ದರದಲ್ಲಿ 24 ಎಂಬಿ. ಸ್ಲೈಡು ನಿಮಿಷಗಟ್ಟಲೆ ಬದಲಾಗದೆ ನಿಂತಿರುವುದರಿಂದ ಅದನ್ನು ಬಿಡಿ ಚಿತ್ರಗಳಾಗಿ ಕಳಿಸಿದರೆ ಸಾಕು. ಧ್ವನಿ ಮತ್ತು ಸ್ಲೈಡು ಮಾತ್ರವಿರುವ ಪ್ರತಿಯೊಂದನ್ನು ತಾನಾಗಿ ತಯಾರಿಸುವುದು ಸರ್ವರಿಗೆ ಕಷ್ಟವಲ್ಲ, ಕೇಳುವವರು ಬೇಕಷ್ಟೆ.

ಕರ್ನಾಟಕಕ್ಕೆ ವಿತರಣೆಯ ಈ ಪ್ರಶ್ನೆ ಹೊಸದಲ್ಲ. 1975-76ರ ಸೈಟ್ ಉಪಗ್ರಹ ಪ್ರಯೋಗದಲ್ಲಿ ರಾಜ್ಯದ ಹಳ್ಳಿಗಳೂ ಇದ್ದವು. 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಉಡಾವಣೆಯಾಗುವ ಮುನ್ನ ಪ್ರಾಯೋಗಿಕ ಜಾಲಕ್ಕೆ ಆರಿಸಿಕೊಂಡ ಸಂಸ್ಥೆಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಅಂಚೆ ತೆರಪಿನ ಶಿಕ್ಷಣವಂತೂ ಮೈಸೂರಿನಲ್ಲಿ 1969ರಿಂದಲೇ ಇದ್ದು, 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಸ್ವಯಂ ಪ್ರಭ ಡಿಟಿಎಚ್ ವಾಹಿನಿಗಳ ಜಾಣತನ ಬೇರೆ ಬಗೆಯದು: ದಿನಕ್ಕೆ ಕನಿಷ್ಠ ನಾಲ್ಕು ಗಂಟೆಯ ಹೊಸ ಪಾಠವನ್ನು ಇನ್ನೂ ಐದು ಸಲ ಮರುಪ್ರಸಾರ ಮಾಡಿದರೆ ಇಂಟರ್‌ನೆಟ್ ಇಲ್ಲದ ಮನೆಯವರಿಗೂ ತಮಗೊಪ್ಪುವ ಹೊತ್ತು ಸಿಗುತ್ತದೆ. ಇವೆಲ್ಲ ಸ್ಟುಡಿಯೊದಲ್ಲಿ ತಯಾರಿಸಿದ, ಎಣಿಸಿದಷ್ಟೇ ಪಾಠಗಳು. ತರಗತಿಯಿಂದ ತಾನಾಗಿ ಹರಿದುಬರುವ ಸಾವಿರಾರು ಗಂಟೆಗಳ ಸಂಗತಿ ಬೇರೆ.

ಆ ಬೇರೆತನ ಬರ್ಕ್ಲಿಯಲ್ಲಿ ಬಯಲಾಯಿತು. ಅಲ್ಲಿನ ಉಚಿತ ವಿಡಿಯೊಗಳಿಗೆ ಸರಿಯಾದ ಅಡಿಬರಹ ಇಲ್ಲದ್ದರಿಂದ ಕಿವುಡರಿಗೆ ಅವು ನಿರುಪಯುಕ್ತವೆಂಬ ದೂರು ಬಂತು. ಗ್ಯಾಲಡೆಟ್ ವಿಶ್ವವಿದ್ಯಾಲಯದ ಇಬ್ಬರು ಕಿವುಡ ಸಿಬ್ಬಂದಿಯ ಪರವಾಗಿ ಸಲ್ಲಿಸಿದ ದೂರು ಅದು. 2016ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ದೂರನ್ನು ಎತ್ತಿಹಿಡಿಯಿತು. ಖರ್ಚಿನ ಅಂದಾಜು ಕಂಡ ವಿಶ್ವವಿದ್ಯಾಲಯ 2017ರ ಮಾರ್ಚಿನಲ್ಲಿ 20,000ಕ್ಕೂ ಹೆಚ್ಚು ಧ್ವನಿ ಮತ್ತು ವಿಡಿಯೊ ಕಡತಗಳನ್ನು ಸಾರ್ವಜನಿಕರಿಂದ ಹಿಂದಕ್ಕೆ ಪಡೆಯಿತು. ಕಿವುಡರಿಂದಾಗಿ ಎಲ್ಲರಿಗೂ ನಷ್ಟವಾಯಿತೆಂದು ಆಗ ಗೊಣಗಿದವರುಂಟು. ಆ ಮಾತನ್ನು ಒಪ್ಪಲಾಗದು. ಮುದ್ರಣ ಅಗ್ಗವಾದಾಗ ಉಳಿದ ಹಣದಲ್ಲಿ ಒಂದಂಶವನ್ನು ಅಕ್ಷರಕ್ಕೆ ಎತ್ತಿಡದೆ ಹೋದದ್ದು ಯೋಜಕರ ಲೋಪ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೇ ಪ್ರಕರಣ ವಿದ್ಯುನ್ಮಾನ ಮಾಧ್ಯಮಕ್ಕೆ ಅಡಿಬರಹ, ಸಂಜ್ಞಾಭಾಷೆಗಳ ವ್ಯವಸ್ಥೆಯನ್ನು ಬಯಸುತ್ತದೆ.

ಮಾತನ್ನು ಅಕ್ಷರಕ್ಕಿಳಿಸುವ ಯಂತ್ರಗಳು ಈಗ ಕನ್ನಡಕ್ಕೂ ಇವೆ. ಐಐಟಿ ಮದ್ರಾಸಿನ ಎಐಫೋರ್‌ಭಾರತ್ ಬಳಗ ಮುಕ್ತವಾಗಿ ಬಿಟ್ಟಿರುವ ಮಾದರಿಗಳು ಅಂಥವು. ಆದರೆ ತರಗತಿಯ ಕನ್ನಡ ಅಚ್ಚಿನ ಕನ್ನಡವಲ್ಲ. 'ಲೋಡ್ ಜಾಸ್ತಿ ಆದ್ರೆ ವೋಲ್ಟೇಜು ಡ್ರಾಪ್ ಆಗ್ಬಿಡುತ್ತೆ, ಈ ಗ್ರಾಫಲ್ಲಿ ನೋಡಿ' ಎಂಬ ವಾಕ್ಯದಲ್ಲಿ ಇಂಗ್ಲಿಷ್ ಪದಕ್ಕೆ ಕನ್ನಡದ ಪ್ರತ್ಯಯ ಹತ್ತಿ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಯಂತ್ರ ಎಡವುವುದು ಸರಿಯಾಗಿ ಪಾರಿಭಾಷಿಕ ಪದಗಳ ಮೇಲೆ, ಅಂದರೆ ವಿದ್ಯಾರ್ಥಿ ಹುಡುಕುವ ಪದಗಳ ಮೇಲೆಯೇ. ಫ್ಯಾನಿನ ಸದ್ದು ಬೆರೆತ ಮೈಕ್ ಆದರೆ ಇನ್ನೂ ಕಷ್ಟ. ಇಲ್ಲಿ ನೆರವಾಗುವ ಉಪಾಯ ಒಂದಿದೆ: ಸೆಮಿಸ್ಟರ್ ಆರಂಭದಲ್ಲೇ ಪ್ರತಿ ಮೇಷ್ಟರಿಂದ ಆ ಕೋರ್ಸಿನ ಪದಪಟ್ಟಿ ಪಡೆದು ವೇಳಾಪಟ್ಟಿಯ ಜೊತೆಗೇ ವ್ಯವಸ್ಥೆಗೆ ಸೇರಿಸುವುದು, ಯಂತ್ರ ಕೊಟ್ಟ ಕರಡನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ಸಂಭಾವನೆ ಕೊಟ್ಟು ತಿದ್ದಿಸುವುದು. ತಿದ್ದಿದ ಪಠ್ಯವನ್ನು ಕಾಲಸೂಚಿಯೊಡನೆ ಅದೇ ಗಂಟಿಗೆ ಸೇರಿಸಿದರೆ ಅಡಿಬರಹವೂ ಆಯಿತು, ಹುಡುಕಾಟದ ಸೂಚಿಯೂ ಆಯಿತು. 50 ನಿಮಿಷದ ಪಾಠದ ಕನ್ನಡ ಪಠ್ಯ ನೂರಿನ್ನೂರು ಕೆಬಿ ದಾಟುವುದು ಅಪರೂಪ. ಸಿಗ್ನಲ್ ಒಂದೇ ಕಡ್ಡಿ ತೋರಿಸುವ ಊರಲ್ಲೂ ಅದು ಇಳಿದುಬರುತ್ತದೆ.