ಟೈರಿಗೆ ಹೆಸರು ತಂದವರು

ಯಾವ ಕಂಪನಿಯ ಟೈರು ಒಳ್ಳೆಯದು? ಬೈಕು ಇಟ್ಟುಕೊಂಡ ನಾಲ್ಕು ಜನ ಸೇರಿದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬರಿಗೆ ಮಳೆಯಲ್ಲಿ ಜಾರದ ಟೈರು ಬೇಕು, ಇನ್ನೊಬ್ಬರಿಗೆ ಬಾಳಿಕೆ ಬರುವುದು ಬೇಕು. ಜಾಹೀರಾತು ಏನೇ ಹೇಳಲಿ, ಓಡಿಸಿ ನೋಡಿದವರ ಮಾತಿಗೇ ನಮ್ಮಲ್ಲಿ ತೂಕ ಹೆಚ್ಚು. ಗಾಳಿ ತುಂಬಿದ ಟೈರು ಲೋಕವನ್ನು ಗೆದ್ದದ್ದೂ ಇಂಥ ಸವಾರರ ಮಾತಿನಿಂದಲೇ.

ಇಂಥ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಅದನ್ನು ಕೇಳುವವರಿರಲಿಲ್ಲ; ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಅದನ್ನು ಮತ್ತೆ ಹೊಸದಾಗಿ ಕಂಡುಹಿಡಿದ. ಮರುವರ್ಷ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರ ಈ ದಪ್ಪ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ಪಂದ್ಯಗಳಿಗೆ ಇಳಿದು ಗೆದ್ದ. ಅಲ್ಲಿಂದ ಗಟ್ಟಿ ರಬ್ಬರಿನ ಟೈರಿನ ಕಾಲ ಮುಗಿಯುತ್ತ ಬಂತು.

ಆದರೆ ಗಾಳಿಯ ಜೊತೆಗೇ ಪಂಕ್ಚರೂ ಬಂತು. ಮೊದಲ ಟೈರುಗಳನ್ನು ಗಾಲಿಯ ರಿಮ್ಮಿಗೆ ಅಂಟಿಸಿರುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾನ್-ಫೆರಾನ್ ಊರಿನ ಮಿಷೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಒಬ್ಬ ಸವಾರ ಇಂಥ ಟೈರಿನ ಪಂಕ್ಚರ್ ಹಾಕಿಸಲು ಬಂದ. ಬಿಚ್ಚಿ ತೇಪೆ ಹಾಕಲು ಗಂಟೆಗಟ್ಟಲೆ ಹಿಡಿಯಿತು, ಅಂಟು ಒಣಗಲು ಇಡೀ ರಾತ್ರಿ ಬೇಕಾಯಿತು. ಅದನ್ನು ತಾನೇ ಓಡಿಸಿ ನೋಡಿದ ಎದ್ವಾರ್ ಮಿಷೆಲಿನ್‌ಗೆ ಎರಡು ವಿಷಯ ಹೊಳೆದವು: ಇಷ್ಟು ಹಿತವಾದ ಸವಾರಿ ಬೇರೆ ಇಲ್ಲ, ಆದರೆ ಟೈರನ್ನು ಸವಾರನೇ ದಾರಿಯಲ್ಲಿ ಬಿಚ್ಚಿ ಹಾಕುವಂತಿರಬೇಕು. 1891ರಲ್ಲಿ ಅಂಥ ಟೈರು ಸಿದ್ಧವಾಯಿತು.

ಅದೇ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಪಂದ್ಯ ನಡೆಯಿತು. ಶಾರ್ಲ್ ತೆರೋ ಮಿಷೆಲಿನ್ ಟೈರಿನಲ್ಲಿ, ಎದುರಾಳಿ ಜೀಲ್-ಲಾವಾಲ್ ಡನ್‌ಲಪ್ ಟೈರಿನಲ್ಲಿ ಹೊರಟರು. ಎದುರಾಳಿ ಮಲಗಿದ್ದ ರಾತ್ರಿ ತೆರೋ ಅವನನ್ನು ದಾಟಿ ಹೋದ. ಸುಮಾರು 71 ಗಂಟೆಗಳಲ್ಲಿ ಗುರಿ ಮುಟ್ಟಿದ. ಗೆದ್ದದ್ದು ನಿದ್ದೆಗೆಟ್ಟ ಕಾಲುಗಳೋ, ಟೈರೋ? ಹೆಸರು ಮಾತ್ರ ಟೈರಿಗೂ ಬಂತು. ಮರುವರ್ಷ ಮಿಷೆಲಿನ್‌ನವರು ತಾವೇ ಒಂದು ಪಂದ್ಯ ಏರ್ಪಡಿಸಿ, ದಾರಿಯಲ್ಲಿ ಮೊಳೆ ಚೆಲ್ಲಿಸಿದರು. ಪಂಕ್ಚರ್ ಆಗಲಿ, ಎಷ್ಟು ಬೇಗ ಸರಿಯಾಗುತ್ತದೆಂದು ಜನ ನೋಡಲಿ ಎಂಬುದು ಅವರ ಲೆಕ್ಕ.

ಹೀಗೆ ಸವಾರರ ಮೆಚ್ಚುಗೆ ಬೆಳೆದಂತೆ ರಬ್ಬರಿಗೆ ಬೇಡಿಕೆಯೂ ಏರಿತು. ಆಗಿನ್ನೂ ರಬ್ಬರಿನ ಬಹುಪಾಲು ಕಾಡಿನಿಂದಲೇ ಬರಬೇಕಿತ್ತು. ಬೆಲ್ಜಿಯಂ ದೊರೆ ಎರಡನೇ ಲಿಯೊಪೋಲ್ಡ್ 1885ರಿಂದ ಕಾಂಗೋವನ್ನು ಸ್ವಂತ ಆಸ್ತಿಯಂತೆ ಆಳುತ್ತಿದ್ದ. ಅಲ್ಲಿ ಹಳ್ಳಿಯ ಹೆಂಗಸರನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ರಬ್ಬರು ಬಳ್ಳಿಯ ಹಾಲಿಗಾಗಿ ಕಾಡಿಗೆ ಅಟ್ಟುತ್ತಿದ್ದರು. ಜನರನ್ನು ಕೊಂದರು, ಕೈ ಕತ್ತರಿಸಿದರು. ಹಡಗು ಕಂಪನಿಯೊಂದರ ನೌಕರನಾಗಿದ್ದ ಎಡ್ಮಂಡ್ ಮೊರೆಲ್ ಇದರ ಜಾಡು ಹಿಡಿದದ್ದು ಸರಕಿನ ಲೆಕ್ಕದಲ್ಲಿ: ಕಾಂಗೋದಿಂದ ರಬ್ಬರು, ದಂತ ಬರುತ್ತಿತ್ತು, ಹೋಗುವ ಹಡಗಿನಲ್ಲಿ ಬದಲಿಗೆ ಕೊಡುವ ಸಾಮಾನಿಗಿಂತ ಬಂದೂಕು, ಮದ್ದುಗುಂಡುಗಳೇ ಹೆಚ್ಚು. 1904ರಲ್ಲಿ ರೋಜರ್ ಕೇಸ್‌ಮೆಂಟ್ ವರದಿ ಬಂತು. 1908ರಲ್ಲಿ ಕಾಂಗೋ ದೊರೆಯ ಕೈತಪ್ಪಿ ಬೆಲ್ಜಿಯಂ ಸರ್ಕಾರದ ವಶಕ್ಕೆ ಹೋಯಿತು.

ಹ್ಯೂಮ್ ಆಗಲಿ ತೆರೋ ಆಗಲಿ ಸುಳ್ಳು ಸಾಕ್ಷಿ ಹೇಳಲಿಲ್ಲ. ಟೈರು ಹಿತವಾಗಿಯೇ ಇತ್ತು. ಆದರೆ ಸವಾರನ ಅನುಭವ ತಿಳಿಸುವುದು ಟೈರು ರಸ್ತೆಗೆ ಇಳಿದ ಮೇಲಿನ ಕತೆಯನ್ನು ಮಾತ್ರ. ಅದಕ್ಕೂ ಹಿಂದಿನ ಕತೆ ಬೇಕಾದವರು ಪಂದ್ಯದ ಫಲಿತಾಂಶದ ಪಕ್ಕದಲ್ಲಿ ಆ ಹಡಗಿನ ಲೆಕ್ಕವನ್ನೂ ಇಟ್ಟು ಓದಬೇಕು.